ಸಂವೇದಕ ತೆಗೆದ ಮೇಲೆ

ಹೋದ ವರ್ಷ ಒಂದು ಬೆಳಗಿನ ಜಾವ ನಮ್ಮ ಅಧ್ಯಯನದ ಕೊನೆಯ ರೋಗಿಯ ಹಣೆಯಿಂದ ಸಂವೇದಕವನ್ನು ತೆಗೆದೆವು. ಅಂಟಿದ್ದ ಜಾಗದಲ್ಲಿ ಚೌಕಾಕಾರದ ಕೆಂಪು ಗುರುತೊಂದು ಉಳಿದಿತ್ತು. ರಾತ್ರಿಪಾಳಿಯ ಸಿಸ್ಟರ್ ಒದ್ದೆ ಹತ್ತಿಯಿಂದ ಅದರ ಸುತ್ತಲಿನ ಅಂಟನ್ನು ಮೆಲ್ಲಗೆ ಒರೆಸಿ, "ಮುಗೀತಾ ಡಾಕ್ಟರ್?" ಎಂದು ಕೇಳಿದರು. ಅಳತೆ ಮುಗಿಯಿತು, ಲೆಕ್ಕ ಬಾಕಿ ಇದೆ ಎಂದೆ. ಆ ಲೆಕ್ಕವೂ ಮುಗಿದು, ನಮ್ಮ ಪ್ರಬಂಧ ಈ ವಾರ ಪ್ರಕಟಣೆಗೆ ಅಂಗೀಕಾರವಾಗಿದೆ. ಪಾರ್ಶ್ವವಾಯು ಬಡಿದ ಮೊದಲ ದಿನಗಳಲ್ಲಿ ಮಿದುಳಿಗೆ ಹರಿಯುವ ರಕ್ತ ಹೇಗೆ ಏರಿಳಿಯುತ್ತದೆ ಎಂಬುದನ್ನು ಹಾಸಿಗೆಯ ಪಕ್ಕದಲ್ಲಿಯೇ, ಗಂಟೆಗಟ್ಟಲೆ, ಬಿಡದೆ ಅಳೆಯಬೇಕೆಂದು 6 ವರ್ಷಗಳ ಹಿಂದೆ ಹೊರಟ ಕೆಲಸ ಇದು. ಪ್ರಬಂಧದ ಮೇಲೆ ವೈದ್ಯರ ಹೆಸರುಗಳಷ್ಟೇ ಇರುತ್ತವೆ. ಅಲ್ಲಿ ಹೆಸರಿಲ್ಲದವರಿಗೆ ಸಲ್ಲಬೇಕಾದ ಋಣವನ್ನು ಬಹಿರಂಗವಾಗಿ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಫಲಿತಾಂಶಗಳು ಪ್ರಬಂಧದಲ್ಲಿಯೇ ಬರಲಿ, ಅವುಗಳ ಪ್ರಸ್ತಾಪ ಇಲ್ಲಿ ಬೇಡ.

ಯಾರಿಗೆ ಏಕೆ ಋಣಿಯಾಗಿದ್ದೇನೆ ಎಂದು ತಿಳಿಯಬೇಕಾದರೆ ಕೆಲಸವೇನೆಂದು ಸ್ವಲ್ಪ ಹೇಳಬೇಕು. ಮಿದುಳಿನ ತೂಕ ದೇಹದ ತೂಕದ ಶೇ. 2ರಷ್ಟು ಮಾತ್ರ, ಆದರೆ ಅದು ಬಳಸುವ ಆಮ್ಲಜನಕ ಇಡೀ ದೇಹ ಬಳಸುವುದರಲ್ಲಿ ಸುಮಾರು ಶೇ. 20. ಹಾಗಿದ್ದೂ ಅದಕ್ಕೆ ಕೂಡಿಟ್ಟುಕೊಳ್ಳುವ ಕಣಜವಿಲ್ಲ. ಬಂದದ್ದನ್ನು ಆಗಿಂದಾಗಲೇ ಬಳಸಿ ಬದುಕುವ ಅಂಗ ಅದು. ಆರೋಗ್ಯವಂತರಲ್ಲಿ 100 ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುತ್ತದೆ. ಅದು 20ರ ಆಸುಪಾಸಿಗಿಂತ ಕೆಳಗಿಳಿದರೆ ಜೀವಕೋಶಗಳು ಕೆಲಸ ನಿಲ್ಲಿಸುತ್ತವೆ, 10ರ ಆಸುಪಾಸಿಗೆ ಇಳಿದರೆ ಸಾಯತೊಡಗುತ್ತವೆ. ಈ ಎರಡರ ನಡುವೆ, ಮಾತು ನಿಂತಿದ್ದರೂ ಜೀವ ಹೋಗಿರದ ಕೋಶಗಳ ಒಂದು ವಲಯ ಇರುತ್ತದೆ. 1981ರಲ್ಲಿ ಆಸ್ಟ್ರಪ್, ಸೀಶೊ ಮತ್ತು ಸೈಮನ್ ಬರೆದ ಲೇಖನ ಆ ವಲಯಕ್ಕೆ 'ಅರೆನೆರಳು' ಎಂಬ ಹೆಸರನ್ನು ವೈದ್ಯಲೋಕದಲ್ಲಿ ನೆಲೆಗೊಳಿಸಿತು. ರಕ್ತದ ಹೆಪ್ಪು ನಾಳವನ್ನು ಮುಚ್ಚಿ ಬರುವ ಪಾರ್ಶ್ವವಾಯುವಿನ ತುರ್ತು ಚಿಕಿತ್ಸೆಯೆಲ್ಲ ಆ ಅರೆನೆರಳಿನಲ್ಲಿರುವ ಕೋಶಗಳನ್ನು ಉಳಿಸಿಕೊಳ್ಳುವ ಹೋರಾಟವೇ.

ಹೆಪ್ಪನ್ನು ಕರಗಿಸುವ ಔಷಧ ಮೊದಲ 3 ಗಂಟೆಗಳೊಳಗೆ ಕೊಟ್ಟರೆ ಫಲ ಕೊಡುತ್ತದೆಂದು 1995ರಲ್ಲಿ ಸಾಬೀತಾಯಿತು. ರಕ್ತನಾಳದೊಳಗೆ ಕೊಳವೆ ಇಳಿಸಿ ಹೆಪ್ಪನ್ನೇ ಎಳೆದು ತೆಗೆಯುವ ಥ್ರಾಂಬೆಕ್ಟಮಿ 2015ರ ಅಧ್ಯಯನಗಳಿಂದ ಗಟ್ಟಿಯಾಗಿ ನೆಲೆಯೂರಿತು, ಮತ್ತು ಆಯ್ದ ರೋಗಿಗಳಲ್ಲಿ 24 ಗಂಟೆಗಳವರೆಗೂ ಅದರಿಂದ ಪ್ರಯೋಜನವಿದೆಯೆಂದು 2018ರಲ್ಲಿ ತಿಳಿಯಿತು. ನನ್ನಂಥ ತೀವ್ರನಿಗಾ ವೈದ್ಯರ ಕೆಲಸ ಶುರುವಾಗುವುದು ನಾಳ ತೆರೆದುಕೊಂಡ ನಂತರ. ರಕ್ತದೊತ್ತಡ ಒಂದು ಮಿತಿಯೊಳಗೆ ಎಷ್ಟೇ ಏರಿಳಿದರೂ ಆರೋಗ್ಯವಂತ ಮಿದುಳು ತನ್ನ ನಾಳಗಳನ್ನು ತಾನೇ ಹಿಗ್ಗಿಸಿ ಕುಗ್ಗಿಸಿ ಹರಿವನ್ನು ಸಮನಾಗಿ ಇಟ್ಟುಕೊಳ್ಳುತ್ತದೆ. ಡೆನ್ಮಾರ್ಕಿನ ಸಂಶೋಧಕ ನೀಲ್ಸ್ ಲಾಸೆನ್ 1959ರಲ್ಲಿ ಅದನ್ನೊಂದು ವಕ್ರರೇಖೆಯಾಗಿ ಬರೆದು ತೋರಿಸಿದರು. ಪಾರ್ಶ್ವವಾಯು ಆದ ಭಾಗದಲ್ಲಿ ಆ ಹಿಡಿತ ಸಡಿಲವಾಗುತ್ತದೆ. ಒತ್ತಡ ಇಳಿದರೆ ಅರೆನೆರಳು ಒಣಗುತ್ತದೆ, ಏರಿದರೆ ಸೋತ ನಾಳಗಳಿಂದ ರಕ್ತ ಜಿನುಗುವ ಭಯವಿದೆ. ಹೆಪ್ಪು ತೆಗೆದ ನಂತರ ರಕ್ತದೊತ್ತಡದ ಮೇಲಿನ ಅಂಕಿಯನ್ನು 120ಕ್ಕಿಂತ ಕೆಳಗಿಳಿಸಿದರೆ ರೋಗಿಗಳ ಚೇತರಿಕೆ ಕುಂಠಿತವಾಗುತ್ತದೆ ಎಂದು ಚೀನಾದಲ್ಲಿ ನಡೆದ, 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿದ ಮೇಲೆ, ಎಲ್ಲರಿಗೂ ಒಂದೇ ಅಂಕಿ ಸಾಕೇ ಎಂಬ ಪ್ರಶ್ನೆ ನಮ್ಮನ್ನು ಇನ್ನಷ್ಟು ಕಾಡಿತು. ಪ್ರತಿಯೊಬ್ಬರ ಮಿದುಳಿಗೆ ಒಪ್ಪುವ ಒತ್ತಡ ಯಾವುದೆಂದು ಆ ಮಿದುಳನ್ನೇ ಕೇಳಿ ತಿಳಿಯುವುದು ನಮ್ಮ ಉದ್ದೇಶವಾಗಿತ್ತು.

ಕೇಳಬೇಕಾದರೆ ಮೊದಲು ಮನೆಯವರ ಒಪ್ಪಿಗೆ ಬೇಕು. ನನ್ನ ಮೊದಲ ಕೃತಜ್ಞತೆ ಅವರಿಗೆ.

ಬೆಳಗ್ಗೆ ಚೆನ್ನಾಗಿ ಮಾತಾಡುತ್ತಿದ್ದವರು ಮಧ್ಯಾಹ್ನದ ಹೊತ್ತಿಗೆ ಹೆಸರು ಹೇಳಲೂ ಆಗದೆ ಮಲಗಿರುವಾಗ, ಅವರ ಹೆಂಡತಿಯ, ಮಗನ, ತಮ್ಮನ ಮುಂದೆ ಸಮ್ಮತಿ ಪತ್ರ ಹಿಡಿದು ನಿಲ್ಲುವುದು ನನಗೆ ಈ 6 ವರ್ಷಗಳಲ್ಲಿ ಒಮ್ಮೆಯೂ ಸುಲಭವಾಗಲಿಲ್ಲ. ಒಬ್ಬ ತಾಯಿಯ ನೆನಪು ಬಹಳ ಸ್ಪಷ್ಟವಾಗಿದೆ. ಪತಿ ಒಳಗೆ ವೆಂಟಿಲೇಟರಿನ ಮೇಲಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಡಾಕ್ಟರೇ, ಇದರಿಂದ ಇವರಿಗೆ ಗುಣ ಆಗುತ್ತದೆಯೇ?" ಎಂದು ಕೇಳಿದರು. "ಇಲ್ಲಮ್ಮ, ಇವರ ಚಿಕಿತ್ಸೆ ಇದರಿಂದ ಬದಲಾಗುವುದಿಲ್ಲ, ಮುಂದೆ ಬರುವವರಿಗೆ ಉಪಯೋಗವಾಗಬಹುದು," ಎಂದೆ. ಅವರು ಬಹಳ ಹೊತ್ತು ಕಾಗದವನ್ನೇ ನೋಡುತ್ತ ಕುಳಿತಿದ್ದರು. ಆಮೇಲೆ ಸಹಿ ಮಾಡಿ, ಸಹಿಯ ಕೆಳಗೆ ಯಾರೂ ಕೇಳದೆಯೇ ತಮ್ಮ ಮನೆಯ ವಿಳಾಸವನ್ನು ಪೂರ್ತಿಯಾಗಿ ಬರೆದು, "ಕೊನೆಗೆ ಏನು ತಿಳಿಯಿತು ಅಂತ ನನಗೂ ಬರೆದು ತಿಳಿಸಿ," ಎಂದರು. ನಮ್ಮ ಪತ್ರದಲ್ಲಿ ಅದಕ್ಕೆಂದು ಜಾಗವೇ ಇರಲಿಲ್ಲ. ಅಲ್ಲಿಂದಾಚೆಗೆ ಮುದ್ರಿಸಿದ ಎಲ್ಲ ಪ್ರತಿಗಳಲ್ಲೂ, ಫಲಿತಾಂಶ ತಿಳಿಯಬಯಸುವವರು ವಿಳಾಸ ಬರೆಯಲು ಒಂದು ಸಾಲು ಸೇರಿತು; ನೈತಿಕ ಸಮಿತಿಯ ಸದಸ್ಯರು ಆ ತಿದ್ದುಪಡಿಗೆ ಕೂಡಲೇ ಒಪ್ಪಿದರು.

ಆ ಸಮಿತಿಗೂ ನಾನು ಋಣಿ. ರೋಗಿಗೆ ಪ್ರಜ್ಞೆ ಮರಳಿದರೆ ಮನೆಯವರ ಒಪ್ಪಿಗೆ ಸಾಲದು, ರೋಗಿಯನ್ನೇ ಮತ್ತೊಮ್ಮೆ ಕೇಳಬೇಕು ಎಂದು ಅವರು ಪಟ್ಟುಹಿಡಿದರು. ಹಾಗೆ ಕೇಳಿದಾಗ ಚೇತರಿಸಿಕೊಂಡ ಒಬ್ಬರು ಬೇಡವೆಂದು ತಲೆಯಾಡಿಸಿದರು. ಮಾತು ಪೂರ್ತಿ ಮರಳಿರಲಿಲ್ಲವಾದರೂ ಅವರ ನಿರ್ಧಾರದಲ್ಲಿ ಅಸ್ಪಷ್ಟತೆ ಇರಲಿಲ್ಲ. ಅವರ ಎರಡು ದಿನಗಳ ದಾಖಲೆಯನ್ನು ಅಂದೇ ಅಳಿಸಿದೆವು. ಮೊದಲಿಗೇ ಬೇಡವೆಂದ ಕುಟುಂಬಗಳೂ ಇದ್ದವು. ಒಪ್ಪಿದವರಷ್ಟೇ ಗೌರವದಿಂದ ಅವರನ್ನೂ ನೆನೆಯುತ್ತೇನೆ, ಏಕೆಂದರೆ ಬೇಡವೆನ್ನಲು ಸಾಧ್ಯವಿದ್ದಲ್ಲಿ ಮಾತ್ರ ಒಪ್ಪಿಗೆಗೆ ಅರ್ಥವಿರುತ್ತದೆ.

ಇನ್ನು ನಮ್ಮ ಐಸಿಯುವಿನ ದಾದಿಯರ ವಿಷಯ. ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳದಿದ್ದರೆ ತಪ್ಪಾಗುತ್ತದೆ.

ಹಣೆಗೆ ಅಂಟಿಸುವ ನಮ್ಮ ಸಂವೇದಕ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ತಲೆಬುರುಡೆಯ ಮೂಲಕ ಒಳಕ್ಕೆ ಕಳಿಸಿ, ಮರಳಿ ಬಂದದ್ದನ್ನು ಹಿಡಿಯುತ್ತದೆ. ಓಡುವ ಕೆಂಪು ರಕ್ತಕಣಗಳನ್ನು ತಾಗಿ ಬಂದ ಬೆಳಕು ಮಿನುಗುತ್ತದೆ, ಕಣಗಳು ಚುರುಕಾಗಿ ಓಡಿದಷ್ಟೂ ಮಿನುಗು ಚುರುಕಾಗುತ್ತದೆ, ಆ ಮಿನುಗಿನಿಂದ ಹರಿವಿನ ಏರಿಳಿತವನ್ನು ಲೆಕ್ಕ ಹಾಕಬಹುದು. ರಕ್ತದೊತ್ತಡ ಮಾತ್ರ ಹಾಸಿಗೆಯ ಮಾನಿಟರಿನಲ್ಲಿ ಬೇರೆಯಾಗಿ ದಾಖಲಾಗುತ್ತಿತ್ತು. ಎರಡನೆಯ ವರ್ಷದಲ್ಲಿ ಎರಡನ್ನೂ ಒಟ್ಟಿಗಿಟ್ಟು ನೋಡಿದಾಗ ಎದೆ ಧಸಕ್ಕೆಂದಿತು: ಎರಡು ಯಂತ್ರಗಳ ಗಡಿಯಾರಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ದಿನಕಳೆದಂತೆ ಅಂತರ ಬೆಳೆಯುತ್ತ ಕೆಲವು ರೋಗಿಗಳಲ್ಲಿ ನಿಮಿಷಗಳಷ್ಟಾಗಿತ್ತು. ಒತ್ತಡ ಇಳಿದ ಕ್ಷಣಕ್ಕೆ ಹರಿವು ಇಳಿಯಿತೇ ಎಂದು ಕ್ಷಣಕ್ಷಣದ ಲೆಕ್ಕ ನೋಡುವ ಅಧ್ಯಯನದಲ್ಲಿ ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿಲ್ಲ. ಮೊದಲೇ ಪರೀಕ್ಷಿಸಬೇಕಾಗಿದ್ದವನು ನಾನು, ಪರೀಕ್ಷಿಸಿರಲಿಲ್ಲ. ಅಷ್ಟೊಂದು ಕುಟುಂಬಗಳು ನಂಬಿ ಕೊಟ್ಟದ್ದನ್ನು ನನ್ನ ಅಜಾಗ್ರತೆಯಿಂದ ಕಳೆದುಬಿಟ್ಟೆನೆಂಬ ಸಂಕಟದಲ್ಲಿ ಹಲವು ರಾತ್ರಿ ನಿದ್ದೆ ಬರಲಿಲ್ಲ.

ಅದನ್ನು ಉಳಿಸಿದ್ದು ದಾದಿಯರ ಕೈಬರಹ. ಪ್ರತಿ ಹಾಸಿಗೆಯ ಪಕ್ಕ ಒಂದು ನೋಟ್‌ಪುಸ್ತಕ ಇಟ್ಟು, ಆದದ್ದನ್ನು ಬರೆದಿಡಿ ಎಂದಷ್ಟೇ ನಾವು ಕೇಳಿಕೊಂಡಿದ್ದೆವು. ಅವರು ಬರೆದದ್ದು ಹೀಗಿತ್ತು: "2.10 ಕಫ ತೆಗೆದೆ, ಎರಡು ಸಲ ಜೋರಾಗಿ ಕೆಮ್ಮಿದರು. 2.40 ಬಲಮಗ್ಗುಲಿಗೆ ಹೊರಳಿಸಿದೆವು. 2.55 ಕುತ್ತಿಗೆ ಎಡಕ್ಕೆ ಬಾಗಿತ್ತು, ದಿಂಬು ಸರಿಪಡಿಸಿದೆ." ಕೆಮ್ಮಿದಾಗ ಒತ್ತಡವೂ ಹರಿವೂ ಒಟ್ಟಿಗೆ ಜಿಗಿಯುತ್ತವೆ, ಆದ್ದರಿಂದ ಎರಡು ರೇಖೆಗಳಲ್ಲೂ ಒಂದೊಂದು ಮೊನೆ ಕಾಣುತ್ತದೆ. ಯಾವ ಮೊನೆ ಯಾವ ಕೆಮ್ಮಿನದು ಎಂದು ಹೇಳಿದ್ದು ಆ ನೋಟ್‌ಪುಸ್ತಕಗಳು. ನಮ್ಮ ತಂಡದ ಎಂಜಿನಿಯರ್ ತಿಂಗಳುಗಟ್ಟಲೆ ಕುಳಿತು, ಒಂದೊಂದೇ ಕೆಮ್ಮನ್ನು ಗುರುತಿಟ್ಟುಕೊಂಡು, ರೇಖೆಗಳನ್ನು ಸರಿಸಿ ಹೊಂದಿಸಿದರು. ಹೊಂದಿಸಲಾಗದವನ್ನು ಕೈಬಿಟ್ಟೆವು. ಉಳಿದದ್ದರಲ್ಲಿ ಬಹುಪಾಲು ಉಳಿದಿರುವುದು, ನಡುರಾತ್ರಿಯಲ್ಲಿ ಇನ್ನೊಂದು ಹಾಸಿಗೆಯ ಅಲಾರಂ ಕೂಗುತ್ತಿರುವಾಗಲೂ ಗೋಡೆಯ ಗಡಿಯಾರ ನೋಡಿ ಒಂದು ಸಾಲು ಬರೆದಿಟ್ಟವರಿಂದ. ಬಾಗಿದ ಕುತ್ತಿಗೆಯ ಆ ಸಾಲಿಗೂ ಬೆಲೆಯಿದೆ: ಕುತ್ತಿಗೆ ಬಾಗಿದರೆ ತಲೆಯಿಂದ ರಕ್ತ ಇಳಿದುಬರುವ ಅಭಿಧಮನಿ ಅದುಮಿಕೊಂಡು ತಲೆಬುರುಡೆಯೊಳಗಿನ ಒತ್ತಡ ಏರುತ್ತದೆ. ಯಾವ ಔಷಧದಿಂದ ಹೀಗಾಯಿತು ಎಂದು ನಾನು ತಲೆ ಕೆಡಿಸಿಕೊಂಡಿದ್ದ ಒಂದು ಏರಿಕೆಗೆ ಉತ್ತರ ಆ ದಿಂಬಿನಲ್ಲಿತ್ತು.

ಶ್ರವಣಾತೀತ ಶಬ್ದದಿಂದ ಮಿದುಳಿನ ರಕ್ತನಾಳಗಳನ್ನು ಪರೀಕ್ಷಿಸುವ ಡಾಪ್ಲರ್ ತಂತ್ರಜ್ಞರ ತಾಳ್ಮೆಯನ್ನು ನೆನೆಯದೆ ಮುಂದೆ ಹೋಗಲಾರೆ. 1982ರಲ್ಲಿ ರೂನ್ ಆಸ್ಲಿಡ್ ಮತ್ತು ಸಂಗಡಿಗರು ತೋರಿಸಿಕೊಟ್ಟ ಈ ವಿಧಾನದಲ್ಲಿ ಕಿವಿಯ ಮುಂದೆ, ಕಪಾಲದ ಮೂಳೆ ತೆಳ್ಳಗಿರುವ ಕಡೆ ಜೆಲ್ ಹಚ್ಚಿ, ಪ್ರೋಬನ್ನು ಕೂದಲೆಳೆಯಷ್ಟು ಆಚೀಚೆ ವಾಲಿಸುತ್ತ ಒಳಗಿನ ರಕ್ತನಾಳದ ಸದ್ದನ್ನು ಹುಡುಕಬೇಕು. ಸುಮಾರು ಹತ್ತರಲ್ಲಿ ಒಬ್ಬರಲ್ಲಿ ಮೂಳೆ ದಪ್ಪವಾಗಿದ್ದು ಸದ್ದೇ ಸಿಗುವುದಿಲ್ಲ. ಅಂಥವರ ಪಕ್ಕದಲ್ಲೂ ಮುಕ್ಕಾಲು ಗಂಟೆ ಬಾಗಿ ನಿಂತು ಪ್ರಯತ್ನಿಸಿದ ಮೇಲೆಯೇ ನಮ್ಮ ತಂತ್ರಜ್ಞರು ಆಗುವುದಿಲ್ಲವೆನ್ನುತ್ತಿದ್ದರು. ಈ ವಿದ್ಯೆಯನ್ನು ನನಗೆ ಕಲಿಸಿದ ಗುರುಗಳು ಪ್ರತಿ ಅಳತೆಯ ಮುಂದೆಯೂ ಕೇಳುತ್ತಿದ್ದ ಪ್ರಶ್ನೆ ಒಂದೇ: "ಇದು ವೇಗವೋ, ಹರಿವೋ?" ಡಾಪ್ಲರ್ ಹೇಳುವುದು ರಕ್ತ ಎಷ್ಟು ವೇಗವಾಗಿ ಓಡುತ್ತಿದೆ ಎಂಬುದನ್ನು, ಎಷ್ಟು ರಕ್ತ ಹೋಗುತ್ತಿದೆ ಎಂಬುದನ್ನಲ್ಲ. ಕಿರಿದಾದ ಕಾಲುವೆಯಲ್ಲಿ ನೀರು ರಭಸವಾಗಿ ನುಗ್ಗುವಂತೆ, ನಾಳ ಸೆಟೆದುಕೊಂಡು ಕಿರಿದಾದಾಗಲೂ ವೇಗ ಏರುತ್ತದೆ, ಆಚೆ ದಡದ ಕೋಶಗಳು ಹಸಿದೇ ಇರುತ್ತವೆ. ಗುರುಗಳು ಈಗ ಇಲ್ಲ. ಪ್ರಬಂಧದಲ್ಲಿ 'ಹರಿವು' ಎಂದು ಬರೆದ ಪ್ರತಿಯೊಂದು ಕಡೆಯೂ ಅವರ ಪ್ರಶ್ನೆಗೆ ಉತ್ತರ ಕೊಟ್ಟೇ ಬರೆದಿದ್ದೇನೆ.

ನಮ್ಮ ಸಂಖ್ಯಾಶಾಸ್ತ್ರಜ್ಞೆ ನನ್ನ ಉತ್ಸಾಹಕ್ಕೆ ಕಡಿವಾಣ ಹಾಕಿದವರು. ಒಬ್ಬ ರೋಗಿಯಿಂದ ಲಕ್ಷಗಟ್ಟಲೆ ಕ್ಷಣಗಳ ಅಳತೆ ಸಿಕ್ಕಿದೆಯೆಂದು ನಾನು ಹಿಗ್ಗಿದಾಗ, ಲಕ್ಷ ಕ್ಷಣಗಳಾದರೂ ರೋಗಿ ಒಬ್ಬರೇ ಎಂದು ಅವರು ನೆನಪಿಸಿದರು. ವೆಂಟಿಲೇಟರ್ ನೋಡಿಕೊಳ್ಳುತ್ತಿದ್ದವರೂ ನಮ್ಮನ್ನು ಒಂದು ದೊಡ್ಡ ತಪ್ಪಿನಿಂದ ಕಾಪಾಡಿದರು: ಉಸಿರಾಟದ ಗತಿ ಬದಲಾಗಿ ರಕ್ತದ ಇಂಗಾಲದ ಡೈಆಕ್ಸೈಡ್ ಕಡಿಮೆಯಾದರೆ ಮಿದುಳಿನ ನಾಳಗಳು ಕುಗ್ಗಿ ಹರಿವು ಇಳಿಯುತ್ತದೆ. ಅವರು ಗತಿ ಬದಲಿಸಿದಾಗಲೆಲ್ಲ ಬರೆದಿಟ್ಟಿರದಿದ್ದರೆ ಆ ಇಳಿತವನ್ನೂ ಕಾಯಿಲೆಯ ಲೆಕ್ಕಕ್ಕೇ ಸೇರಿಸುತ್ತಿದ್ದೆವು. ಮನೆಯಲ್ಲಿ ನನ್ನ ಪತ್ನಿಯೂ ಮಗಳೂ ಈ ಅಳತೆಗಳ ವೇಳಾಪಟ್ಟಿಗೆ ತಮ್ಮ ದಿನಗಳನ್ನು ಹೊಂದಿಸಿಕೊಂಡರು. ಅವರಿಗೆ ಹೇಳಬೇಕಾದುದನ್ನು ಎದುರಿಗೇ ಹೇಳಿದ್ದೇನೆ.

ನಾವು ಅಳತೆ ಮಾಡಿದವರಲ್ಲಿ ನಡೆದುಕೊಂಡು ಮನೆಗೆ ಹೋದವರಿದ್ದಾರೆ, ಒಂದು ಕೈಯ ಬಲ ಮರಳದೆ ಹೋದವರಿದ್ದಾರೆ, ಐಸಿಯುವಿನಲ್ಲಿಯೇ ಕಣ್ಣುಮುಚ್ಚಿದವರೂ ಇದ್ದಾರೆ. ಪ್ರಬಂಧದ ಚಿತ್ರಗಳಲ್ಲಿ ಅವರು ಒಂದೊಂದು ಚುಕ್ಕೆಯಾಗಿದ್ದಾರೆ. ಯಾವ ಚುಕ್ಕೆ ಯಾರದೆಂದು ಹೇಳುವ ಹಕ್ಕು ನನಗಿಲ್ಲ, ಆದರೆ ಚಿತ್ರ ನೋಡಿದಾಗ ಅನೇಕ ಹಣೆಗಳು ನನಗೆ ನೆನಪಾಗುತ್ತವೆ. ತಮ್ಮ ಪತಿಗಾಗಿ ಸಹಿ ಹಾಕಿದ ಆ ತಾಯಿಯ ಪತಿ ಉಳಿಯಲಿಲ್ಲ. ಅವರ ದಾಖಲೆ ಇಡೀ ಅಧ್ಯಯನದಲ್ಲೇ ಅತ್ಯಂತ ಶುದ್ಧವಾಗಿ ಬಂದವುಗಳಲ್ಲಿ ಒಂದು.

ಪ್ರಬಂಧ ಪ್ರಕಟವಾಗುವ ದಿನ, ವಿಳಾಸ ಬರೆದುಕೊಟ್ಟ ಎಲ್ಲ ಕುಟುಂಬಗಳಿಗೂ ಏನು ತಿಳಿಯಿತು, ಏನು ತಿಳಿಯಲಿಲ್ಲ ಎಂಬುದನ್ನು ಸರಳವಾದ ಕನ್ನಡದಲ್ಲಿ ವಿವರಿಸುವ ಪತ್ರ ಹೊರಡುತ್ತದೆ. ಮೊದಲ ಲಕೋಟೆ ನನ್ನ ಮೇಜಿನ ಮೇಲೆ ಸಿದ್ಧವಾಗಿದೆ. ವಿಳಾಸವನ್ನು ಸಮ್ಮತಿ ಪತ್ರದಲ್ಲಿ ಆ ತಾಯಿ ಬರೆದಿದ್ದಂತೆಯೇ, ಸಾಲು ಸಾಲಾಗಿ, ನಾನೇ ನಕಲು ಮಾಡಿದ್ದೇನೆ.