ಗೆಳೆಯನಿಗೊಂದು ಪತ್ರ: ಒಂದು ಕಾಲದ ಪ್ರೀಮಿಯಂ ಬಿಯರುಗಳು

ಪ್ರಿಯ ಗೆಳೆಯಾ,

ಅಮೆರಿಕದ ಹಳೆಯ ಪತ್ರಿಕೆಗಳನ್ನು ತಿರುವಿಹಾಕುತ್ತಿದ್ದಾಗ ಪ್ಯಾಬ್ಸ್ಟ್, ಶ್ಲಿಟ್ಜ್, ಮಿಲ್ಲರ್ ಹೈ ಲೈಫ್ ಮುಂತಾದ ಬಿಯರುಗಳನ್ನು ಸಿರಿವಂತರ ಪಾನೀಯವೆಂಬಂತೆ ಚಿತ್ರಿಸಿದ ಜಾಹೀರಾತುಗಳನ್ನು ಕಂಡು ನಗು ಬಂತೆಂದು ಬರೆದಿದ್ದೀಯ. ಇಂದು ಅಲ್ಲಿ ಅಗ್ಗದ ಸಾಲಿನಲ್ಲಿ ಕುಳಿತಿರುವ ಈ ಹೆಸರುಗಳು ನಿಜಕ್ಕೂ ಒಮ್ಮೆ ಮೇಲ್ದರ್ಜೆಯವೆನಿಸಿಕೊಂಡಿದ್ದವೇ ಅಥವಾ ಅದೆಲ್ಲ ಜಾಹೀರಾತಿನವರ ಬಡಾಯಿಯೇ ಎಂದು ಕೇಳಿದ್ದೀಯ. ಬಡಾಯಿಯೂ ಇತ್ತು, ಮೇಲ್ದರ್ಜೆಯೂ ಇತ್ತು. ಆದರೆ ಆ ದರ್ಜೆಗೆ ಕಾರಣ ಬಾಟಲಿಯೊಳಗಿನ ಬಿಯರಿಗಿಂತ ಹೆಚ್ಚಾಗಿ ಅದು ಸಾಗಿಬಂದ ದಾರಿಯಲ್ಲಿತ್ತು ಎಂಬುದು ನನ್ನ ಅಭಿಪ್ರಾಯ.

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಅಮೆರಿಕದಲ್ಲಿ ಬಿಯರ್ ಎಂದರೆ ಆಯಾ ಊರಿನಲ್ಲೇ ತಯಾರಾಗಿ, ಕೆಡುವ ಮೊದಲೇ ಆಯಾ ಊರಿನಲ್ಲೇ ಖರ್ಚಾಗುವ ಸರಕು. ಹದವಾಗಿ ಕಾಯಿಸಿ ಬಿಯರು ಬೇಗ ಕೆಡದಂತೆ ಮಾಡುವ ಪಾಶ್ಚರೀಕರಣವೂ ಮಂಜುಗಡ್ಡೆ ತುಂಬಿದ ರೈಲು ಡಬ್ಬಿಗಳೂ ಬಂದ ಮೇಲೆ, 1876ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಆರಂಭವಾದ ಬಡ್‌ವೈಸರ್ ಮತ್ತು ಪ್ಯಾಬ್ಸ್ಟ್, ಶ್ಲಿಟ್ಜ್, ಮಿಲ್ಲರ್‌ಗಳ ತವರೂರಾದ ಮಿಲ್ವಾಕಿಯ ದೊಡ್ಡ ತಯಾರಕರ ಬಿಯರುಗಳು ದೂರದ ನಗರಗಳನ್ನೂ ತಲುಪತೊಡಗಿದವು. ಸಾಗಣೆಯ ವೆಚ್ಚ ಸೇರಿದ್ದರಿಂದ ಸ್ಥಳೀಯ ಬಿಯರಿಗಿಂತ ಅವುಗಳ ಬೆಲೆ ಹೆಚ್ಚಾಯಿತು, ಬೆಲೆ ಹೆಚ್ಚಿದ್ದರಿಂದ ಮರ್ಯಾದೆಯೂ ಹೆಚ್ಚಾಯಿತು. ಇದಕ್ಕೆ ಒಪ್ಪುವ ಅಲಂಕಾರಗಳನ್ನು ತಯಾರಕರೇ ಒದಗಿಸಿದರು: ಪ್ಯಾಬ್ಸ್ಟ್ ಕಂಪನಿಯವರು 1882ರಿಂದ ತಮ್ಮ ಆಯ್ದ ಬಿಯರಿನ ಬಾಟಲಿಯ ಕೊರಳಿಗೆ ನೀಲಿ ರೇಷ್ಮೆಯ ಪಟ್ಟಿಯನ್ನು ಕೈಯಿಂದಲೇ ಕಟ್ಟಿಸುತ್ತಿದ್ದರು, 1903ರಲ್ಲಿ ಬಂದ ಮಿಲ್ಲರ್ ಹೈ ಲೈಫ್ ತನ್ನನ್ನು ಬಿಯರುಗಳಲ್ಲಿ ಶಾಂಪೇನ್ ಎಂದು ಕರೆದುಕೊಂಡಿತು. ಮುಂದೆ ಈ ದೊಡ್ಡ ತಯಾರಕರೇ ದೇಶದ ನಾನಾ ಕಡೆ ಕಾರ್ಖಾನೆಗಳನ್ನು ಕಟ್ಟಿದಾಗ ದೂರದ ಸಾಗಣೆಯ ಕಾರಣ ಸವೆಯಿತಾದರೂ ಹೆಚ್ಚಿನ ಬೆಲೆ ಮಾತ್ರ ಬಹುಕಾಲ ಉಳಿದುಕೊಂಡಿತು.

ಈ ಬಿಯರುಗಳು ಎಲ್ಲರ ಕೈಗೂ ಎಟುಕುವಂತಾದ ಮೇಲೆ ಬಡ್‌ವೈಸರ್‌ಗಿಂತ ಮೇಲಿನ ಇನ್ನೊಂದು ಮೆಟ್ಟಿಲು ಬೇಕಾಯಿತು. ಅದಕ್ಕೆ ಬಡ್‌ವೈಸರ್ ತಯಾರಿಸುವ ಕಂಪನಿಯ ಬಳಿಯೇ ಮಿಕಲೋಬ್ ಎಂಬ ಬಿಯರು ಸಿದ್ಧವಾಗಿತ್ತು. 1896ರಲ್ಲಿ ಹುಟ್ಟಿದ ಈ ಬಿಯರು ಆರು ದಶಕಗಳಿಗೂ ಹೆಚ್ಚು ಕಾಲ ಪೀಪಾಯಿಯಲ್ಲಿ ಮಾತ್ರ ಸಿಗುತ್ತಿತ್ತು. ಪಾಶ್ಚರೀಕರಿಸದ ಕಾರಣ ಅದನ್ನು ತಣ್ಣಗಿಟ್ಟು ಬೇಗ ಖರ್ಚು ಮಾಡಬಲ್ಲ ಒಳ್ಳೆಯ ಹೋಟೆಲು, ಬಾರುಗಳಿಗಷ್ಟೇ ಅದು ಮೀಸಲು. 1961ರಲ್ಲಿ ಅದನ್ನು ಬಾಟಲಿಗೆ ತುಂಬಿದಾಗ ಕೊರಳು ಕಿರಿದಾಗಿ ಬುಡ ಅಗಲವಾದ, ಕಣ್ಣೀರ ಹನಿಯ ಆಕಾರದ ಬಾಟಲಿಯನ್ನು ಅದಕ್ಕೆಂದೇ ರೂಪಿಸಿದರು. ಎಪ್ಪತ್ತರ ದಶಕದಲ್ಲಿ ಅತಿಥಿಗಳ ಮುಂದೆ ಇಡಲು ತಕ್ಕದ್ದೆಂದು ಮಧ್ಯಮವರ್ಗದವರು ಕೊಳ್ಳುತ್ತಿದ್ದದ್ದು, ವಾರಾಂತ್ಯವೇ ಇದಕ್ಕಾಗಿ ಇದೆ ಎಂದು ಜಾಹೀರಾತುಗಳು ಹೇಳುತ್ತಿದ್ದದ್ದು ಈ ಬಿಯರನ್ನು ಕುರಿತು. ಆದರೆ ಅದನ್ನು ಬೇರೆಯಾಗಿಸಿದ್ದ ಪೀಪಾಯಿಯ ತಾಜಾತನವನ್ನು ಬಾಟಲಿಗೆ ಇಳಿಸಲು ಆಗಲಿಲ್ಲ, ಇಳಿದದ್ದು ಹೆಸರೊಂದೇ ಎಂದು ನನಗೆ ಅನ್ನಿಸುತ್ತದೆ.

ಇನ್ನು ಹಸಿರು ಬಾಟಲಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಇಡೀ ಕಥೆಯಲ್ಲಿ ಅದರಷ್ಟು ಸ್ವಾರಸ್ಯದ್ದು ಮತ್ತೊಂದಿಲ್ಲ. ಪಾನನಿಷೇಧ ಸಡಿಲವಾದ 1933ರಲ್ಲೇ ಹಸಿರು ಬಾಟಲಿಗೆ ಹೆಸರಾದ ಹಾಲೆಂಡಿನ ಹೈನೆಕೆನ್ ಅಮೆರಿಕಕ್ಕೆ ಹಡಗಿನಲ್ಲಿ ಬಂದಿಳಿಯಿತು. ಅರವತ್ತು, ಎಪ್ಪತ್ತರ ದಶಕಗಳ ವೇಳೆಗೆ ಹಸಿರು ಗಾಜೆಂದರೆ ವಿದೇಶಿ, ವಿದೇಶಿ ಎಂದರೆ ಉತ್ತಮ ಎಂಬ ಲೆಕ್ಕಾಚಾರ ಜನರ ಮನಸ್ಸಿನಲ್ಲಿ ಗಟ್ಟಿಯಾಗಿತ್ತು. ವಿಪರ್ಯಾಸವೆಂದರೆ ಬಿಯರಿಗೆ ಕಂದು ಗಾಜೇ ಕ್ಷೇಮ. ಬಿಯರಿಗೆ ಹಾಕುವ ಹಾಪ್ಸ್ ಎಂಬ ಹೂವಿನ ಕಹಿಗೆ ಕಾರಣವಾದ ಐಸೊಹ್ಯೂಮುಲೋನ್ ಎಂಬ ಪದಾರ್ಥದ ಮೇಲೆ ಬೆಳಕು, ಅದರಲ್ಲೂ ನೀಲಿ ಮತ್ತು ನೇರಳಾತೀತ ಕಿರಣಗಳು, ಬಿದ್ದಾಗ ಅದು ಒಡೆದು, ಬಿಯರಿನಲ್ಲೇ ಇರುವ ಗಂಧಕದ ಅಂಶದೊಂದಿಗೆ ಸೇರಿ, ಸ್ಕಂಕ್ ಎಂಬ ಪ್ರಾಣಿ ಸಿಂಪಡಿಸುವ ದ್ರವದ ನಾತವನ್ನು ನೆನಪಿಸುವ ಸಂಯುಕ್ತವಾಗುತ್ತದೆ. ಅದು ಎಷ್ಟು ಕಟುವೆಂದರೆ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಮೂಗಿಗೆ ತಿಳಿಯುತ್ತದೆ. ಕಂದು ಗಾಜು ಈ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಗಾಜು ಅಷ್ಟು ತಡೆಯಲಾರದು, ಬಣ್ಣವಿಲ್ಲದ ಗಾಜು ಬಹುತೇಕ ತಡೆಯುವುದೇ ಇಲ್ಲ. ಹೈ ಲೈಫ್‌ನವರು ಬಣ್ಣವಿಲ್ಲದ ಬಾಟಲಿಯನ್ನು ಬಿಡದೆ ಇಟ್ಟುಕೊಳ್ಳಲು ಬೆಳಕಿಗೆ ಜಗ್ಗದ, ರಾಸಾಯನಿಕವಾಗಿ ಮಾರ್ಪಡಿಸಿದ ಹಾಪ್ಸ್ ಸಾರದ ಮೊರೆಹೋದರು.

ನಂಬಿಕೆ ಬಾರದಿದ್ದರೆ ಹಸಿರು ಬಾಟಲಿಯ ಬಿಯರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಬಿಸಿಲಿನಲ್ಲಿಟ್ಟು ನೋಡು. ಕೆಲವೇ ನಿಮಿಷಗಳಲ್ಲಿ ವಾಸನೆ ಬದಲಾಗುತ್ತದೆ. ವಾರಗಟ್ಟಲೆ ಹಡಗಿನಲ್ಲೂ ಗೋದಾಮಿನಲ್ಲೂ ಕಳೆದು, ಆಮ್ಲಜನಕ ತಾಗಿ ಒದ್ದೆ ರಟ್ಟಿನ ರುಚಿ ಬಂದು, ಅಂಗಡಿಯ ದೀಪದ ಕೆಳಗೆ ಈ ವಾಸನೆಯನ್ನೂ ಸೇರಿಸಿಕೊಂಡ ಬಿಯರನ್ನು ಹೆಚ್ಚು ಹಣ ತೆತ್ತು ಕೊಂಡವರಲ್ಲಿ ಅನೇಕರು, ಅದೇ ಯುರೋಪಿನ ನಿಜವಾದ ರುಚಿಯೆಂದು ತಿಳಿದು ಮೆಚ್ಚಿಕೊಂಡರು. ಅವರನ್ನು ದೂರುವ ಮನಸ್ಸು ನನಗಿಲ್ಲ; ತಾಜಾ ಬಿಯರನ್ನು ಪಕ್ಕದಲ್ಲಿಟ್ಟು ಹೋಲಿಸುವ ಅವಕಾಶ ಅವರಲ್ಲಿ ಎಷ್ಟು ಜನರಿಗಿತ್ತು?

ಮ್ಯೂನಿಕ್‌ನ ಲೋವೆನ್‌ಬ್ರಾವ್ ಕೂಡ ಆಗ ಹೈನೆಕೆನ್‌ಗೆ ಸರಿಸಮನಾಗಿ ನಿಂತಿದ್ದ ಆಮದು ಬಿಯರು. 1970ರ ದಶಕದ ನಡುವಿನಲ್ಲಿ ಮಿಲ್ಲರ್ ಕಂಪನಿ ಅದರ ಹಕ್ಕು ಪಡೆದು, ಸ್ವಲ್ಪ ಕಾಲದಲ್ಲೇ ಅಮೆರಿಕದಲ್ಲಿ ತಯಾರಿಸಿ ಜರ್ಮನ್ ಹೆಸರು, ಸಿಂಹದ ಲಾಂಛನಗಳೊಡನೆ ಆಮದಿನಂತೆಯೇ ಮಾರಿತು. ಗ್ರಾಹಕರನ್ನು ದಾರಿತಪ್ಪಿಸಲಾಗುತ್ತಿದೆ ಎಂದು ದೂರು ಒಯ್ದವರು ಬೇರೆ ಯಾರೂ ಅಲ್ಲ, ಮಿಕಲೋಬ್‌ನ ಒಡೆಯರು!

ಕೊಲರಾಡೊದ ಕೂರ್ಸ್‌ನದು ಇದಕ್ಕೆ ತಿರುಗುಮುರುಗಾದ ಕಥೆ. ಅದು ದುಬಾರಿಯೂ ಅಲ್ಲ, ವಿದೇಶಿಯೂ ಅಲ್ಲ. ಪಾಶ್ಚರೀಕರಿಸದೆ ತಣ್ಣಗೆ ಸಾಗಿಸಬೇಕಾಗಿದ್ದ ಅದು 1970ರ ದಶಕದ ಮಧ್ಯದವರೆಗೂ ಪಶ್ಚಿಮದ ಕೆಲವೇ ರಾಜ್ಯಗಳಲ್ಲಿ ಸಿಗುತ್ತಿತ್ತು. ಅಷ್ಟೇ ಸಾಕಾಯಿತು: ಪೂರ್ವದವರು ಪ್ರವಾಸ ಹೋದಾಗ ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಬರುತ್ತಿದ್ದರು, ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರೂ ಅದನ್ನು ವಾಷಿಂಗ್ಟನ್ನಿಗೆ ತರಿಸಿಕೊಂಡವರೇ. ಎಂಬತ್ತರ ದಶಕದಲ್ಲಿ ಪೂರ್ವದ ಅಂಗಡಿಗಳಿಗೂ ಬಂದದ್ದೇ ತಡ, ಅದು ಎಲ್ಲ ಬಿಯರುಗಳಂತೆ ಒಂದು ಬಿಯರಾಯಿತು. ಶ್ಲಿಟ್ಜ್‌ನ ಪತನಕ್ಕೆ ಮಾತ್ರ ಬಾಟಲಿಯೊಳಗಿನದೇ ಕಾರಣ. 1950ರ ದಶಕದವರೆಗೂ ಅಗ್ರಸ್ಥಾನಕ್ಕಾಗಿ ಸೆಣಸುತ್ತಿದ್ದ ಈ ಕಂಪನಿ ಎಪ್ಪತ್ತರ ದಶಕದಲ್ಲಿ ವೆಚ್ಚ ಉಳಿಸಲು ಹುದುಗುವಿಕೆಯ ಅವಧಿಯನ್ನು ಕಡಿತಗೊಳಿಸಿತು. 1976ರಲ್ಲಿ ಬಿಯರನ್ನು ತಿಳಿಯಾಗಿಡಲು ಹಾಕಿದ ಪದಾರ್ಥವೂ ನೊರೆ ನಿಲ್ಲಲು ಹಾಕಿದ ಪದಾರ್ಥವೂ ಒಂದಕ್ಕೊಂದು ಅಂಟಿಕೊಂಡು ಬಾಟಲಿಯಲ್ಲಿ ಬಿಳಿಯ ಚೂರುಗಳು ತೇಲತೊಡಗಿದವು, ಅಪಾರ ಪ್ರಮಾಣದ ಬಿಯರನ್ನು ಹಿಂದಕ್ಕೆ ಪಡೆಯಬೇಕಾಯಿತು. ಆ ಹೆಸರು ಮತ್ತೆ ಚೇತರಿಸಿಕೊಳ್ಳಲೇ ಇಲ್ಲ.

ಬ್ರಿಟನ್ನಿನಲ್ಲಿ ಇದೇ ಆಟವನ್ನು ಇನ್ನೂ ನಾಜೂಕಾಗಿ ಆಡಿದವರು ಸ್ಟೆಲ್ಲಾ ಆರ್ಟ್ವಾದವರು. ಬೆಲ್ಜಿಯಂನಲ್ಲಿ ಅದು ಬಾರಿಗೆ ಹೋದವರು ಬೇರೇನೂ ಯೋಚಿಸದೆ ಕೇಳುವ ಸಾಧಾರಣ ಲಾಗರ್ ಬಗೆಯ ಬಿಯರು, ಹಿತ್ತಲ ಗಿಡ. ಬ್ರಿಟನ್ನಿನಲ್ಲಿ ಮಾತ್ರ, ಅಲ್ಲಿಯೇ ತಯಾರಾಗುತ್ತಿದ್ದರೂ, ಬೆಲೆ ಹೆಚ್ಚಿರುವುದೇ ಭರವಸೆ ಎಂಬ ಅರ್ಥದ ಘೋಷಣೆಯೊಂದಿಗೆ 1982ರಿಂದ ಎರಡು ದಶಕಗಳಿಗೂ ಮಿಕ್ಕಿ ಮೇಲ್ದರ್ಜೆಯದಾಗಿ ಮಾರಾಟವಾಯಿತು. ಅಮೆರಿಕದಲ್ಲಿ ಘನತೆಯ ಗುರುತಾಗಿದ್ದ ಹೈನೆಕೆನ್ ಅದೇ ಬ್ರಿಟನ್ನಿನಲ್ಲಿ ಶೇ. 3.4 ಆಲ್ಕೊಹಾಲಿನ ತೆಳುವಾದ ಬಿಯರು. ಅದನ್ನು ಹಿಂತೆಗೆದುಕೊಂಡು ಶೇ. 5ರ ಮೂಲ ಬಿಯರನ್ನು ತಂದದ್ದು 2003ರಲ್ಲಿ.

ಒಳಗಿನ ಪದಾರ್ಥಕ್ಕಾಗಿಯೇ ಹೆಚ್ಚು ಹಣ ಕೊಡುವ ಪರಿಪಾಠ ಅಮೆರಿಕದಲ್ಲಿ ಮತ್ತೆ ಮೊದಲಾದದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎನ್ನಬಹುದು. ಮುಚ್ಚುವ ಸ್ಥಿತಿಯಲ್ಲಿದ್ದ ಆಂಕರ್ ತಯಾರಿಕಾ ಘಟಕವನ್ನು 1965ರಲ್ಲಿ ಕೈಗೆ ತೆಗೆದುಕೊಂಡ ಫ್ರಿಟ್ಜ್ ಮೇಟ್ಯಾಗ್, ದೊಡ್ಡ ತಯಾರಕರು ಬೆರೆಸುತ್ತಿದ್ದ ಅಕ್ಕಿ ಮೆಕ್ಕೆಜೋಳಗಳನ್ನು ದೂರವಿಟ್ಟು ಮಾಲ್ಟಿನಿಂದಲೇ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದಲೇ, ಬಿಯರು ಮಾಡಿ, 1971ರಲ್ಲಿ ಅದನ್ನು ಬಾಟಲಿಗೆ ತುಂಬಿಸಿ, 1975ರಲ್ಲಿ ಕ್ಯಾಸ್ಕೇಡ್ ಎಂಬ ತಳಿಯ ಹಾಪ್ಸ್‌ನ ಪರಿಮಳವನ್ನು ಧಾರಾಳವಾಗಿ ಕೊಟ್ಟ ಲಿಬರ್ಟಿ ಏಲ್ ಎಂಬ ಬಿಯರನ್ನು ಹೊರತಂದರು. ದೇಶದ ಬಿಯರ್ ತಯಾರಕರ ಸಂಖ್ಯೆ ನೂರಕ್ಕಿಂತ ಕೆಳಗಿಳಿಯುತ್ತಿದ್ದ ಆ ದಶಕದಲ್ಲಿ ಇದು ಸಣ್ಣ ಸಾಹಸವೇನಲ್ಲ. ಆ ಕಾಲದ ಬಿಯರುಗಳಲ್ಲಿ ಒಂದನ್ನು ಮಾತ್ರ ಆರಿಸಿಕೋ ಎಂದರೆ ನಾನು ಇದರ ಕಡೆಗೇ ಕೈ ಚಾಚುತ್ತೇನೆ.

ಮಿಕಲೋಬ್ ಎಂಬ ಹೆಸರು ಏನಾಯಿತೆಂದು ನೀನು ಕೇಳದೆ ಬಿಡುವವನಲ್ಲ. ಅದೀಗ ಬಹುತೇಕ ಉಳಿದಿರುವುದು 2002ರಲ್ಲಿ ಬಂದ, ಶರ್ಕರಪಿಷ್ಟವನ್ನೂ ಕ್ಯಾಲೊರಿಯನ್ನೂ ತಗ್ಗಿಸಿದ ಅಲ್ಟ್ರಾ ಎಂಬ ಬಿಯರಿನ ಮೇಲೆ. ಓಟಗಾರರನ್ನೂ ಸೈಕಲ್ ಸವಾರರನ್ನೂ ತೋರಿಸಿ ಮಾರುವ ಅದರಲ್ಲಿ ಮಾಲ್ಟಿನ ರುಚಿಯೂ ಹಾಪ್ಸ್‌ನ ಕಹಿಯೂ ಹೆಸರಿಗಷ್ಟೇ ಇವೆ, ಬೆಲೆ ಮಾತ್ರ ಬಡ್‌ವೈಸರ್‌ಗಿಂತ ಒಂದು ಮೆಟ್ಟಿಲು ಮೇಲೆಯೇ ಇದೆ.

ಇಂತಿ ನಿನ್ನ ಗೆಳೆಯ