ನೆಲ ಇನ್ನೂ ನಿಂತಿಲ್ಲ ಕಣೋ

ಲೋ ಮಗಾ,

ಬಂದೆ ಕಣೋ. ಬುಧವಾರ ಬೆಳಿಗ್ಗೆ ಮರ್ಮಗೋವಾ ಬಂದರಲ್ಲಿ ನಮ್ಮ ಸಮುದ್ರ ಸಂಶೋಧನೆ ಹಡಗು ಕಟ್ಟಿದ್ರು, 26 ದಿನ ಆದ್ಮೇಲೆ ಕಾಲಿಟ್ರೆ ಜೆಟ್ಟಿ ಕಾಂಕ್ರೀಟೇ ತೇಲ್ತಾ ಇತ್ತು. ಇವತ್ತಿಗೂ ಬಚ್ಚಲಲ್ಲಿ ಸೋಪು ಹಾಕ್ಕೊಂಡು ಕಣ್ಮುಚ್ಚಿದ್ರೆ ಗೋಡೆ ಹಿಡ್ಕೋಬೇಕು. ಹತ್ತಿದಾಗ ನಾಲ್ಕು ದಿನ ಬಕೆಟ್ ತಬ್ಕೊಂಡು ಕೂತಿದ್ದೆ, ಅಷ್ಟು ಕಷ್ಟಪಟ್ಟು ಹೊಂದ್ಕೊಂಡಿರೋ ತಲೆ ಈಗ ನೆಲ ಸುಮ್ನೆ ನಿಂತಿದೆ ಅಂದ್ರೆ ನಂಬಲ್ಲ ಅಂತಿದೆ. ಗೋವಾ ರೂಮಲ್ಲಿ ಎರಡು ರಾತ್ರಿ ನಿದ್ದೇನೇ ಇಲ್ಲ, ಎಂಜಿನ್ ಸದ್ದಿಲ್ದೆ ಕಿವಿ ಭಣಭಣ. ಕೊನೆಗೆ ಯಶವಂತಪುರದ ರೈಲು ಹತ್ತಿದೆ ನೋಡು, ಘಾಟಿಯಲ್ಲಿ ಅದು ಓಲಾಡೋಕೆ ಶುರು ಮಾಡಿದ್ದೇ ತಡ ಹೆಣದ ಥರ ಬಿದ್ಕೊಂಡೆ, ಪಕ್ಕದ ಅಜ್ಜ ಎಬ್ಬಿಸ್ದೇ ಇದ್ದಿದ್ರೆ ಅರಸೀಕೆರೆ ತಪ್ಪೋಗ್ತಿತ್ತು.

ಮನೆಗೆ ಬಂದ್ರೆ ಅಮ್ಮ ಕೇಳಿದ್ದು, ಏನ್ ತಂದೆ ಸಮುದ್ರದಿಂದ? ನೀರು ಅಂದೆ. "ನೀರು ತರಕ್ಕೆ ಅಷ್ಟು ದೂರ ಹೋಗ್ಬೇಕಿತ್ತೇನೋ" ಅಂದ್ರು. ನೀನೂ ಅದನ್ನೇ ಕೇಳ್ತೀಯ ಗೊತ್ತು, ಅದಕ್ಕೇ ಹೇಳ್ತೀನಿ ಕೇಳು.

ಸಿಟಿಡಿ ಅಂತ ಒಂದು ಯಂತ್ರ, ನೀರಿನ ಉಪ್ಪು, ಬಿಸಿ, ಆಳ ಅಳೆಯೋದು, ಕಬ್ಬಿಣದ ಚೌಕಟ್ಟು, ಸುತ್ತ ಹತ್ತತ್ತು ಲೀಟರಿನ ಉದ್ದುದ್ದ ಬಾಟ್ಲಿಗಳು. ತಂತಿಗೆ ಕಟ್ಟಿ ಸೆಕೆಂಡಿಗೆ ಒಂದು ಮೀಟರಿನಂಗೆ ಬಿಡ್ತಾರೆ, 2000 ಮೀಟರ್ ಇಳಿಯಕ್ಕೇ ಅರ್ಧ ಗಂಟೆ ಮೇಲೆ. ಮೇಲೆ ಬರ್ತಾ ಬೇಕಾದ ಆಳದಲ್ಲಿ ಒಂದೊಂದೇ ಬಾಟ್ಲಿ ಬಾಯಿ ಮುಚ್ಕೊಳ್ಳುತ್ತೆ. ಡೆಕ್ಕಿಗೆ ಬಂದ ತಕ್ಷಣ ಮೊದ್ಲು ಹಿಡಿಯೋದು ಆಕ್ಸಿಜನ್ ಸ್ಯಾಂಪಲ್ಲು, ಅದು ನನ್ ಕೆಲಸ. ಸಣ್ಣ ರಬ್ಬರ್ ಪೈಪನ್ನ ಗಾಜಿನ ಬಾಟ್ಲಿ ತಳಕ್ಕೆ ಮುಟ್ಟಿಸಿ, ಒಂದು ಗುಳ್ಳೇನೂ ಬರ್ದಂಗೆ ತುಂಬಿ ಉಕ್ಕಿಸ್ಬೇಕು, ಗಾಳಿ ಸೇರಿದ್ರೆ ಲೆಕ್ಕ ಕೆಟ್ಟೋಯ್ತು. ಆಮೇಲೆ ಎರಡು ಕೆಮಿಕಲ್ ಹಾಕಿ ಮುಚ್ಚಿ ಕುಲುಕೋದು. ನೀರಲ್ಲಿ ಎಷ್ಟು ಆಕ್ಸಿಜನ್ ಇದೆ ಅಂತ ಅಳೆಯೋ ಈ ವಿಧಾನ ವಿಂಕ್ಲರ್ ಅನ್ನೋ ಕೆಮಿಸ್ಟ್ 1888ರಲ್ಲಿ ಕಂಡ್ಹಿಡಿದಿದ್ದು, ಇವತ್ತಿಗೂ ಅದೇ ನಡೀತಿದೆ!

ಮೇಲಿನ ನೀರಿದ್ರೆ ಒಳಗೆ ಡಿಕಾಕ್ಷನ್ ಥರ ಕಂದು ಗಷ್ಟು ಕೂರುತ್ತೆ. ಕೆಳಕ್ಕೆ ಹೋದಂಗೆ ಅದು ಚಾ ಆಗಿ, ಹಾಲು ಜಾಸ್ತಿ ಹಾಕಿದ ಚಾ ಆಗಿ, 150 ಮೀಟರ್ ದಾಟಿದ್ಮೇಲೆ ಬರೀ ಬಿಳಿ. ಕಂದು ಅಂದ್ರೆ ಆಕ್ಸಿಜನ್ ಇದೆ ಅಂತ, ಬಿಳಿ ಅಂದ್ರೆ ಉಸಿರೇ ಇಲ್ಲ ಅಂತ. ಬೆಳಗಿನ ಜಾವ ಮೂರು ಗಂಟೆಗೆ ಟ್ರೇ ತುಂಬ ಆ ಬಿಳಿ ಬಾಟ್ಲಿ ನೋಡ್ದಾಗ ಮೈ ಜುಂ ಅಂತು ಕಣೋ. ಓದಿದ್ದೆ, ಗೊತ್ತಿತ್ತು, ಆದ್ರೂ. ಮುಂಗಾರು ಗಾಳಿಗೆ ಅರಬ್ಬಿ ಸಮುದ್ರದಲ್ಲಿ ಪಾಚಿ ಜಾತಿಯ ಸಣ್ಣ ಜೀವಗಳು ವಿಪರೀತ ಬೆಳೆಯುತ್ವೆ, ಸತ್ತು ಕೆಳಗಿಳೀತಾ ಕೊಳೆಯೋವಾಗ ಅಲ್ಲಿನ ಆಕ್ಸಿಜನ್ನೆಲ್ಲಾ ಖಾಲಿ. ಉತ್ತರಕ್ಕೆ ನೆಲ ಅಡ್ಡ, ಹೊಸ ನೀರು ಬಂದು ಸೇರೋದೂ ನಿಧಾನ. 1000 ಮೀಟರ್ ಕೆಳಗೆ ಮಾತ್ರ ಮತ್ತೆ ಕಂದು ಬಣ್ಣ ವಾಪಸ್ ಬರುತ್ತೆ, ದಕ್ಷಿಣದಿಂದ ಹರಿದು ಬರೋ ತಣ್ಣನೆ ನೀರದು. ಹಂಗೆ ಮೇಲೂ ಉಸಿರು ಕೆಳಗೂ ಉಸಿರು, ಮಧ್ಯೆ ಇಷ್ಟು ದಪ್ಪ ಏನೂ ಇಲ್ಲ, ನಾವು ಅದರ ಮೇಲೆ ಕೂತು ಅನ್ನ ಸಾರು ತಿಂತಿದ್ವಿ.

ಇದನ್ನೆಲ್ಲ ಅಮ್ಮಂಗೆ ಹೇಳಕ್ಕಾಗ್ಲಿಲ್ಲ. ನೆನ್ನೆ ನಲ್ಲಿ ನೀರು ಬಂದಾಗ ಬಿಂದಿಗೆ ತುಂಬ್ಸು ಅಂದ್ರು. ನಾನು ನೋಡ್ಕೊಂಡೇ ಇಲ್ಲ, ಪೈಪು ತಳಕ್ಕೆ ಮುಟ್ಟಿಸಿ, ಗುಳ್ಳೆ ಬರ್ದಂಗೆ, ಉಸಿರು ಹಿಡ್ಕೊಂಡು ತುಂಬಿಸ್ತಾ ಕೂತಿದೀನಿ, ಹಿಂದೆ ಪಕ್ಕದ್ಮನೆಯವರೆಲ್ಲ ಕೊಡ ಹಿಡ್ಕೊಂಡು ಕ್ಯೂ. ಅಮ್ಮ ಬಂದು ಬೆನ್ನಿಗೊಂದು ಬಿಟ್ರು.

ಭಾನುವಾರ ಬಾ. ನಿನ್ ಹೆಸರು ಬರ್ದು ಒಂದು ಥರ್ಮಾಕೋಲ್ ಲೋಟನ ಆ ಯಂತ್ರದ ಜೊತೆ 2000 ಮೀಟರ್ ಇಳಿಸಿದ್ದೆ, ಒತ್ತಡಕ್ಕೆ ಕುಗ್ಗಿ ಕುಗ್ಗಿ ಹೆಬ್ಬೆರಳಷ್ಟಾಗಿದೆ, ಹೆಸರೂ ಕುಗ್ಗಿದೆ ಆದ್ರೆ ಓದಬಹುದು. ಬೈಕ್ ನೀನೇ ತಗೊಂಡ್ ಬಾ, ನಾನ್ ಓಡ್ಸಲ್ಲ, ರೋಡು ಇನ್ನೂ ಎಡಕ್ಕೆ ವಾಲ್ತಿದೆ.

ನಿನ್ನ,
ನೀರು ತಂದೋನು