ಇನ್‌ಕ್ಯುಬೇಟರಿನ ಆಮ್ಲಜನಕದ ಲೆಕ್ಕ ದಂಪತಿಗೂ ತಿಳಿಯಲಿ

ಮಾನ್ಯ ಸಂಪಾದಕರೇ,

ಮಂಗಳೂರು–ಉಡುಪಿ ಹೆದ್ದಾರಿ ಬದಿಯ ಬಂಜೆತನ ಚಿಕಿತ್ಸೆಯ ಜಾಹೀರಾತು ಫಲಕಗಳಲ್ಲಿ ಮಗುವಿನ ನಗುಮುಖ ಇರುತ್ತದೆಯೇ ಹೊರತು, ದೇಹದ ಹೊರಗೆ ಫಲಿಸಿದ ಭ್ರೂಣವನ್ನು ಮೊದಲ ಕೆಲವು ದಿನ ಲ್ಯಾಬಿನ ಇನ್‌ಕ್ಯುಬೇಟರ್ ಎಂಬ ಪೆಟ್ಟಿಗೆಯಂತಹ ಯಂತ್ರದಲ್ಲಿ ಎಂತಹ ಗಾಳಿಯಲ್ಲಿ ಬೆಳೆಸುತ್ತಾರೆ ಎಂಬ ಮಾಹಿತಿ ಇರುವುದಿಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ 21ರಷ್ಟಿದ್ದರೆ, ಭ್ರೂಣವು ಸಹಜವಾಗಿ ಮೊದಲ ದಿನಗಳನ್ನು ಕಳೆಯುವ ಗರ್ಭನಾಳದಲ್ಲಿ ಅದು ಶೇ 2ರಿಂದ 8ರಷ್ಟು ಮಾತ್ರ. ಆಮ್ಲಜನಕ ಹೆಚ್ಚಿದಷ್ಟೂ ಒಳ್ಳೆಯದೆಂಬ ನಮ್ಮ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ. ಹೆಚ್ಚುವರಿ ಆಮ್ಲಜನಕದಿಂದ ಉಂಟಾಗುವ, ಬೇರೆ ಅಣುಗಳೊಂದಿಗೆ ಥಟ್ಟನೆ ವರ್ತಿಸುವ ಅಸ್ಥಿರ ಕಣಗಳಾದ ಫ್ರೀ ರ‍್ಯಾಡಿಕಲ್‌ಗಳು ಜೀವಕೋಶದ ಪೊರೆಗೂ ಡಿಎನ್‌ಎಗೂ ಹಾನಿ ಮಾಡಬಲ್ಲವು. ಆದ್ದರಿಂದಲೇ ಇನ್‌ಕ್ಯುಬೇಟರಿಗೆ ಸಾರಜನಕ ಹಾಯಿಸಿ ಆಮ್ಲಜನಕವನ್ನು ಶೇ 5ರ ಆಸುಪಾಸಿಗೆ ಇಳಿಸುವ ಪದ್ಧತಿ ಬಂದಿದೆ. ಇದರಿಂದ ಜೀವಂತ ಜನನಗಳ ಪ್ರಮಾಣ ಹೆಚ್ಚುತ್ತದೆ ಎಂದು, ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2012ರ ಪರಾಮರ್ಶೆ ಕಂಡುಕೊಂಡಿತ್ತು. ಪವಾಡವೇನಲ್ಲ, ಆದರೆ ಸಾಲ ಮಾಡಿ ಬರುವ ದಂಪತಿಗೆ ಅಷ್ಟೂ ದೊಡ್ಡದೇ.

ನಮ್ಮ ಬಂಧುಗಳಿಗೆ ಇಲ್ಲಿನ ಕೇಂದ್ರವೊಂದು ಕೊಟ್ಟ ಬಿಲ್ಲಿನಲ್ಲಿ ಚುಚ್ಚುಮದ್ದಿನಿಂದ ಹಿಡಿದು ಭ್ರೂಣದ ಶೈತ್ಯೀಕರಣದವರೆಗೆ ಪ್ರತಿಯೊಂದಕ್ಕೂ ಒಂದೊಂದು ಸಾಲಿತ್ತು. ಇನ್‌ಕ್ಯುಬೇಟರಿನಲ್ಲಿ ಆಮ್ಲಜನಕ ಎಷ್ಟಿರುತ್ತದೆ ಎಂದು ಕೇಳಿದಾಗ ಮಾತ್ರ ‘ಅದೆಲ್ಲ ಲ್ಯಾಬಿನವರ ವಿಷಯ’ ಎಂಬ ಉತ್ತರ ಬಂತು. ಬಾಗಿಲು ತೆರೆದಾಗಲೆಲ್ಲ ಹೊರಗಾಳಿ ಒಳನುಗ್ಗುವುದರಿಂದ, ಯಂತ್ರದ ಪರದೆಯ ಅಂಕಿಯನ್ನಷ್ಟೇ ನಂಬದೆ ಪ್ರತ್ಯೇಕ ಮಾಪಕದಿಂದ ಆಗಾಗ ಅಳೆದು ದಾಖಲಿಸುವುದೂ ಅಗತ್ಯ. 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯಡಿ ನೋಂದಾಯಿತವಾದ ಕೇಂದ್ರಗಳು ಈ ದಾಖಲೆಯನ್ನು ಒಪ್ಪಿಗೆ ಪತ್ರದೊಂದಿಗೆ ದಂಪತಿಗೆ ನೀಡುವಂತೆ ಆರೋಗ್ಯ ಇಲಾಖೆ ಸೂಚಿಸಬೇಕು.

– ಓದುಗರೊಬ್ಬರು, ಉಡುಪಿ